ಕ್ಯಾಲೇ ಪಟ್ಟಣದ ಲೇಸ್ ಮತ್ತು ನಿರಾಶ್ರಿತರ ಚಿತ್ರಕಥೆ

ಆಂಗ್ಲ ಚಿತ್ರಕಥೆಗಾರ್ತಿ ಕೇಟ್ ಇವಾನ್ಸ್ ಅವರು 2017ರಲ್ಲಿ ಪ್ರಕಟಿಸಿದ ‘ಥ್ರೆಡ್ಸ್’, ಎಂದರೆ ನೂಲೆಳೆಗಳು, ಎಂಬ ಗ್ರಂಥವು ಫ್ರಾನ್ಸಿನ ಕ್ಯಾಲೇ ಪಟ್ಟಣದ ಬಳಿಯಿದ್ದು 2016ರ ಅಕ್ಟೋಬರಿನಲ್ಲಿ ತೆರವುಗೊಂಡ ನಿರಾಶ್ರಿತರ ಬೀಡನ್ನು ಕುರಿತದ್ದು. ಅದರ ಚಿತ್ರಚೌಕಗಳಿಗೆ ಲೇಸಿನ ಹೆಣಿಗೆಯೇ ಅಂಚು. ಇಷ್ಟು ನಾಜೂಕಾದ ಅಂಚು ದುಃಖವನ್ನು ಸುಂದರಗೊಳಿಸುವುದೆಂದು ಯಾರಾದರೂ ಆಕ್ಷೇಪಿಸಬಹುದು. ಪಟ್ಟಣದ ಚರಿತ್ರೆಯನ್ನು ಬಲ್ಲವರು ಹಾಗೆನ್ನಲಾರರೆಂದು ನಮ್ಮ ಮತ.

ಕ್ಯಾಲೇ ಪಟ್ಟಣದ ಖ್ಯಾತಿಗೆ ಲೇಸೇ ಕಾರಣ. ಆ ಕಸುಬಾದರೋ ವಲಸೆಯ ಕೂಸು. 1816ರ ಸುಮಾರಿಗೆ ನಾಟಿಂಗ್‌ಹ್ಯಾಮ್ ಸೀಮೆಯ ಕುಶಲಕರ್ಮಿಗಳು ಲೇಸ್ ಯಂತ್ರಗಳನ್ನು ಕಡಲಾಚೆಗೆ ಕದ್ದು ಸಾಗಿಸಿದರು. ಯಂತ್ರಗಳ ರಫ್ತೂ ಕುಶಲಕರ್ಮಿಗಳ ನಿರ್ಗಮನವೂ ಆಗ ಇಂಗ್ಲೆಂಡಿನಲ್ಲಿ ನಿಷಿದ್ಧವಾಗಿದ್ದವು. ಎರಡನೆಯ ನಿಷೇಧವು 1824ರಲ್ಲಿ ರದ್ದಾಯಿತು, ಮೊದಲನೆಯದು 1843ರವರೆಗೂ ಉಳಿಯಿತು. 1848ರ ಕ್ರಾಂತಿಯಿಂದ ವ್ಯಾಪಾರವು ಕುಸಿಯಲು, ಅಲ್ಲಿ ನೆಲೆಸಿದ್ದ ಆಂಗ್ಲ ಲೇಸ್‌ಕಾರರಲ್ಲಿ ನೂರಾರು ಮಂದಿ ಮೂರು ಹಡಗುಗಳಲ್ಲಿ ಆಸ್ಟ್ರೇಲಿಯಕ್ಕೆ ತೆರಳಿದರು. ಈ ಪ್ರಯಾಣಕ್ಕೆ ಬ್ರಿಟಿಷ್ ಸರಕಾರದ ನೆರವಿತ್ತೆಂಬುದು ಗಮನಾರ್ಹ.

ಅಂದು ಅವರು ಕಾನೂನಿನ ಕಣ್ತಪ್ಪಿಸಿ ದಾಟಿದ ಕಡಲನ್ನೇ ಸೂಡಾನಿನ, ಆಫ್ಘಾನಿಸ್ತಾನದ ಜನರು ಎದುರು ದಿಕ್ಕಿನಲ್ಲಿ ದಾಟಲೆಳಸುತ್ತಾರೆ. ಅವರನ್ನು ತಡೆಯುವುದೂ ಒಂದು ಬಗೆಯ ಹೆಣಿಗೆಯೇ: ಬಂದರಿನ ಸುತ್ತಣ ತಂತಿಬಲೆ. ಅದರ ವೆಚ್ಚದಲ್ಲಿ ಬ್ರಿಟನ್ನಿನ ಪಾಲೂ ಉಂಟು.