ವಿಳಾಸವನ್ನು ಅರಿತ ಔಷಧ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ. ಅದು ಮೊದಲು ಅವರ ಆರೋಗ್ಯವನ್ನು ಹಾರೈಸಿ, ಅನಂತರ ವಿಷಯಕ್ಕೆ ಬರುತ್ತದೆ. ಆಜ್ಞೆಗೆ ನಿಶ್ಚಿತವಾದ ವಿಳಾಸವಿತ್ತು. ಅರ್ಬುದರೋಗ ಅಥವಾ ಕ್ಯಾನ್ಸರಿನ ಔಷಧಗಳಿಗೆ ಬಹುಕಾಲ ಇಲ್ಲದಿದ್ದುದು ಇಂಥ ವಿಳಾಸವೇ.

ರಕ್ತಕ್ಕೆ ಸೇರಿಸಿದ ರಾಸಾಯನಿಕ ಔಷಧವು ದೇಹವನ್ನೆಲ್ಲ ವ್ಯಾಪಿಸಿ, ಶೀಘ್ರವಾಗಿ ವಿಭಜನೆಗೊಳ್ಳುವ ಆರೋಗ್ಯವಂತ ಕೋಶಗಳನ್ನೂ ನಾಶಮಾಡುತ್ತದೆ. ಆದುದರಿಂದ ವಿಜ್ಞಾನಿಗಳು ದೇಹದ ರಕ್ಷಕಕೋಶಗಳನ್ನೇ ಮಾರ್ಪಡಿಸಲು ತೊಡಗಿದರು. ರೋಗಿಯ ರಕ್ತದಿಂದ ಟಿ-ಕೋಶಗಳೆಂಬ ಬಿಳಿಯ ಕಣಗಳನ್ನು ಬೇರ್ಪಡಿಸಿ, ರೋಗಕಾರಕ ಶಕ್ತಿಯನ್ನು ತೆಗೆದ ವೈರಸ್ಸಿನ ಮೂಲಕ ಅವುಗಳಲ್ಲಿ ಹೊಸ ಜೀನನ್ನು ಸೇರಿಸುತ್ತಾರೆ. ಆಗ ಅವುಗಳ ಮೇಲ್ಮೈಯಲ್ಲಿ ಮೂಡುವ ಗ್ರಾಹಕವು ಸಿಡಿ19 ಎಂಬ ಗುರುತುಳ್ಳ ಬಿ-ಕೋಶಗಳನ್ನು ಪತ್ತೆಹಚ್ಚುತ್ತದೆ. ಪ್ರಯೋಗಾಲಯದಲ್ಲಿ ವೃದ್ಧಿಗೊಳಿಸಿ ದೇಹಕ್ಕೆ ಮರಳಿಸಿದ ಮೇಲೆ ಈ ಕೋಶಗಳು ಶತ್ರುವನ್ನು ಅರಸಿ ಹೋಗಿ, ಪರ್ಫೊರಿನ್, ಗ್ರಾಂಜೈಮ್ ಎಂಬ ಮಾರಕ ಪ್ರೋಟೀನುಗಳನ್ನು ಅಲ್ಲಿಯೇ ಸುರಿಸುತ್ತವೆ. ಹೀಗೆ ಕೋಶವು ಔಷಧದ ವಾಹಕವೂ ಹೌದು, ತಾನೇ ಔಷಧವೂ ಹೌದು.

ವಿಳಾಸವೇನೋ ಪರಿಪೂರ್ಣವಲ್ಲ. ಸಿಡಿ19 ಆರೋಗ್ಯವಂತ ಬಿ-ಕೋಶಗಳಲ್ಲಿಯೂ ಇರುವುದರಿಂದ ಅವೂ ಅಳಿಯುತ್ತವೆ. ಕೆಲವೊಮ್ಮೆ ರಕ್ಷಣಾವ್ಯವಸ್ಥೆ ಕೆರಳಿ ತೀವ್ರ ಜ್ವರ, ರಕ್ತದೊತ್ತಡದ ಕುಸಿತಗಳು ಪ್ರಾಣಕ್ಕೆ ಸಂಚಕಾರ ತರುತ್ತವೆ. ರಕ್ತದ ಕ್ಯಾನ್ಸರುಗಳಲ್ಲಿ ದೊರೆತ ಜಯ ಗಡ್ಡೆಗಳ ವಿಷಯದಲ್ಲಿ ಇನ್ನೂ ದೊರೆತಿಲ್ಲ. ರಕ್ತಕ್ಕೆ ನೇರವಾಗಿ ಕೊಟ್ಟರೆ ವಿಷಕರವಾಗಬಲ್ಲ ಇಂಟರ್‌ಲ್ಯೂಕಿನ್-12ನ್ನು ಗಡ್ಡೆಯ ಬಳಿಯಲ್ಲೇ ತಯಾರಿಸುವ ಕೋಶಗಳನ್ನು ರೂಪಿಸುವ ಸಂಶೋಧನೆ ನಡೆದಿರುವುದು ಇದಕ್ಕಾಗಿಯೇ.

ಅಮೆರಿಕದಲ್ಲಿ 2017ರಲ್ಲಿ ಅನುಮತಿ ಪಡೆದ ಇಂಥ ಮೊದಲ ಔಷಧದ ಬೆಲೆ ಆಗ 4,75,000 ಡಾಲರು ಇತ್ತು. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಸಹಯೋಗದಿಂದ ಹುಟ್ಟಿದ ನೆಕ್ಸ್‌ಕಾರ್19, 2023ರಲ್ಲಿ ಭಾರತದಲ್ಲಿ ಅನುಮತಿ ಪಡೆಯಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ಕಾರ್ಟೆಮಿ 2025ರಲ್ಲಿ ಬಂದಿತು. ಬೆಲೆ ಬಹಳ ಇಳಿದಿದೆಯಾದರೂ ಇಂದಿಗೂ ಲಕ್ಷಗಳಲ್ಲಿಯೇ ಇದೆ. ಮೊಳಕಾಲ್ಮೂರಿನ ರೇಷ್ಮೆ ನೇಯುವವನಿಗಾಗಲಿ, ಚಳ್ಳಕೆರೆಯ ಶೇಂಗಾ ಬೆಳೆಗಾರನಿಗಾಗಲಿ ಅದು ನಿಲುಕುವ ಮೊತ್ತವಲ್ಲ.

ಚಳ್ಳಕೆರೆಯ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಅಧ್ಯಾಪಕರಿಗೆ ತರಬೇತಿ ನೀಡುತ್ತಿದೆ. ಈ ವಿದ್ಯೆಯ ತಿಳಿವಳಿಕೆ ನಮ್ಮ ತರಗತಿಗಳಿಗೆ ಬರುವುದು ಕಷ್ಟವಲ್ಲ. ಚಿಕಿತ್ಸೆ ಬರುವುದು ಬೇರೆಯ ಮಾತು. ನೆರೆಯ ಆಂಧ್ರದ ಎರ್ರಗುಡಿಯಲ್ಲಿರುವ ಅಶೋಕನ ಎರಡನೆಯ ಬಂಡೆಶಾಸನವು, ಔಷಧಿಯ ಗಿಡಗಳಿಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದುದನ್ನು ಹೇಳುತ್ತದೆ. ಔಷಧವು ಈಗ ರೋಗದ ವಿಳಾಸವನ್ನು ಅರಿತಿದೆ. ರೋಗಿಯ ವಿಳಾಸವನ್ನು ಅರಿಯಬೇಕಾದುದು ಸಮಾಜ.