ನ್ಯಾನೋ ಕೀಮೋ: ಊರ ಮಾತು ಮತ್ತು ಗಡ್ಡೆಗೆ ಮುಟ್ಟುವ ಮದ್ದು

ಬುಕ್ಕಾಂಬುಧಿ, ಶಿವನಿ, ಅಜ್ಜಂಪುರದ ಕಡೆ ‘ನ್ಯಾನೋ’ ಎಂದರೆ ರೈತರಿಗೆ ಮೊದಲು ನೆನಪಾಗುವುದು ಸೊಸೈಟಿಯ ಯೂರಿಯಾ ಬಾಟಲಿ. 2021ರಲ್ಲಿ ಇಫ್ಕೋ ಅದನ್ನು ತಂದಾಗ, ಅರ್ಧ ಲೀಟರ್ ಬಾಟಲಿ ಒಂದು ಮೂಟೆಗೆ ಸಮ ಎಂದಿತ್ತು. ಕೃಷಿ ವಿಜ್ಞಾನಿಗಳೆಲ್ಲ ಅದನ್ನು ಒಪ್ಪಲಿಲ್ಲ. ಆದರೂ ಚಿಕ್ಕದು ದೊಡ್ಡದರ ಕೆಲಸ ಮಾಡುತ್ತದೆ ಎಂಬ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಅಂತ ಗೊತ್ತಾದಾಗ, “ನ್ಯಾನೋ ಕೀಮೋ ಬಂದಿದೆಯಂತೆ, ಗಡ್ಡೆಗೆ ಮಾತ್ರ ಹೋಗಿ ಹೊಡೆಯುತ್ತದಂತೆ” ಎನ್ನುವುದನ್ನು ನಂಬಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ನ್ಯಾನೋ ಕಣ ಹೊಸ ಮದ್ದಲ್ಲ, ಮದ್ದು ಹೊರುವ ಚೀಲ. ಒಳಗಿರುವುದು ಹೆಚ್ಚಾಗಿ ಹಳೆಯದೇ. ದೊಡ್ಡಕರುಳಿನ ಕ್ಯಾನ್ಸರ್‌ಗೆ ಇವತ್ತಿಗೂ ಆಧಾರವಾಗಿರುವ 5-ಫ್ಲೋರೋಯುರಾಸಿಲ್ 1957ರದು. ಚೀಲ ಕೊಬ್ಬಿನದೋ ಪ್ರೋಟೀನಿನದೋ ಪಾಲಿಮರಿನದೋ ಇರಬಹುದು. ಅಳತೆ ಸುಮಾರು 100 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು.

ಅದು ತಾನಾಗಿ ಗಡ್ಡೆಯನ್ನು ಹುಡುಕಿಕೊಂಡು ಹೋಗುತ್ತದೆ ಎನ್ನುವುದು ಸುಳ್ಳು. ರಕ್ತ ಒಯ್ದಲ್ಲಿಗೆ ಹೋಗುತ್ತದೆ, ಅಷ್ಟೆ. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವು, ಸೋರುತ್ತವೆ. ದೊಡ್ಡ ಅಣುಗಳು ಅಲ್ಲಿ ಜಿನುಗಿ ಒಳಗೇ ಉಳಿಯುತ್ತವೆ ಎಂದು ಜಪಾನಿನ ಮತ್ಸುಮುರಾ ಮತ್ತು ಮಯೇದಾ 1986ರಲ್ಲಿ ತೋರಿಸಿದರು. ಮುಂದಿನ ಸಂಶೋಧನೆಯ ಬಹುಪಾಲು ಈ ಸೋರಿಕೆಯನ್ನೇ ನಂಬಿತು. 2016ರಲ್ಲಿ ಟೊರೊಂಟೊದ ವಾರೆನ್ ಚಾನ್ ಅವರ ತಂಡ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಹಾಕಿ ಲೆಕ್ಕ ಕೊಟ್ಟಿತು: ಪ್ರಾಣಿಗಳಿಗೆ ಚುಚ್ಚಿದ ಕಣಗಳಲ್ಲಿ ಗಡ್ಡೆ ತಲುಪಿದ ಪಾಲಿನ ಮಧ್ಯಾಂಕ ಶೇ 0.7. ಹೆಚ್ಚಿನವನ್ನು ಲಿವರ್ ಮತ್ತು ಗುಲ್ಮ ಹಿಡಿದುಕೊಳ್ಳುತ್ತವೆ. ಕರುಳಿನ ಕ್ಯಾನ್ಸರ್ ಹರಡುವುದೂ ಲಿವರ್‌ಗೇ ಹೆಚ್ಚು, ಹಾಗಾದರೆ ಒಳ್ಳೆಯದೇ ಆಯಿತಲ್ಲ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅಲ್ಲಿ ಕಣಗಳನ್ನು ನುಂಗುವುದು ಹೆಚ್ಚಾಗಿ ಕುಪ್ಫರ್ ಎಂಬ ಕಾವಲು ಕೋಶಗಳು, ಗಡ್ಡೆಯ ಕೋಶಗಳಲ್ಲ.

“ಕರುಳಿನ ಗಡ್ಡೆ ತಾನೇ, ಮಾತ್ರೆ ನುಂಗಿದರೆ ನೇರ ಅಲ್ಲಿಗೇ ಹೋಗುತ್ತದೆ” ಎನ್ನುವವರಿದ್ದಾರೆ. ಇದು ಪೂರ್ತಿ ತಪ್ಪಲ್ಲ, ಅದಕ್ಕೇ ಬಿಡಿಸಿ ಹೇಳಬೇಕು. ಸಾಮಾನ್ಯ ಮಾತ್ರೆ ದೊಡ್ಡಕರುಳು ಮುಟ್ಟುವ ಮೊದಲೇ ಕರಗಿ, ಸಣ್ಣಕರುಳಿನಿಂದ ರಕ್ತಕ್ಕೆ ಸೇರಿರುತ್ತದೆ. ಅದನ್ನು ತಡೆಯಲು ವಿಜ್ಞಾನಿಗಳು ಹುಡುಕಿಕೊಂಡ ಹೊದಿಕೆಗಳಲ್ಲಿ ಒಂದು ನಮ್ಮ ಗೋರಿಕಾಯಿಯದು. ಪಲ್ಯಕ್ಕೆ ಎಳೆಯದಾಗಿ ಕೀಳುವ ಈ ಕಾಯಿಯನ್ನು ಬಲಿಯಲು ಬಿಟ್ಟರೆ ಬೀಜದಿಂದ ಗ್ವಾರ್ ಗಮ್ ಎಂಬ ಅಂಟು ತೆಗೆಯಬಹುದು. ನಮ್ಮ ಜೀರ್ಣರಸಕ್ಕೆ ಅದು ಜಗ್ಗುವುದಿಲ್ಲ. ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಮಾತ್ರ ಅದನ್ನು ಒಡೆಯುತ್ತವೆ. ಮದ್ದನ್ನು ಅದರಲ್ಲಿ ಸುತ್ತಿದರೆ ಪೊಟ್ಟಣ ಬಿಚ್ಚಿಕೊಳ್ಳುವುದು ಸರಿಯಾದ ಜಾಗದಲ್ಲೇ. ಭಾರತದ ಪ್ರಯೋಗಾಲಯಗಳಲ್ಲಿ ಈ ಅಂಟಿನ ಮೇಲೆ, ಸಿಗಡಿ ಚಿಪ್ಪಿನ ಕೈಟೋಸಾನ್ ಮೇಲೆ ಸಾಕಷ್ಟು ಕೆಲಸ ನಡೆದಿದೆ.

ಜಾಣ ಉಪಾಯವೇ. ತೊಡಕಿರುವುದು ಬೇರೆಡೆ. ದೊಡ್ಡಕರುಳಿನ ಗಡ್ಡೆ ಅಲ್ಲೇ ಇದ್ದಾಗ ಸರ್ಜನ್ನರು ಸಾಮಾನ್ಯವಾಗಿ ಅದನ್ನು ಕತ್ತರಿಸಿ ತೆಗೆದೇಬಿಡುತ್ತಾರೆ. ಆಮೇಲೆ ಕೀಮೋ ಕೊಡುವುದು ತಪ್ಪಿಸಿಕೊಂಡು ಹೋಗಿರಬಹುದಾದ ಕೋಶಗಳಿಗೆ. ಅವು ದುಗ್ಧಗ್ರಂಥಿಯಲ್ಲೋ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಅಡಗಿರುತ್ತವೆ. ಕರುಳಿಗೆ ಗುರಿಯಿಟ್ಟ ಮಾತ್ರೆ ಬರುವ ಹೊತ್ತಿಗೆ ಅಲ್ಲಿ ಗಡ್ಡೆಯೇ ಇರುವುದಿಲ್ಲ.

ದುಡ್ಡು ಕೊಟ್ಟರೆ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಸಿಗುತ್ತದೆಯೇ? ನ್ಯಾನೋ ಕೀಮೋ ಇರುವುದು ನಿಜ. ಅಮೆರಿಕದಲ್ಲಿ 1995ರಲ್ಲಿ ಡಾಕ್ಸಿಲ್, 2005ರಲ್ಲಿ ಸ್ತನ ಕ್ಯಾನ್ಸರ್‌ಗೆ ಅಬ್ರಾಕ್ಸೇನ್, 2015ರಲ್ಲಿ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಓನಿವೈಡ್ ಒಪ್ಪಿಗೆ ಪಡೆದವು. ಓನಿವೈಡ್ ಒಳಗಿರುವ ಇರಿನೋಟೆಕಾನ್ ಕರುಳಿನ ಕ್ಯಾನ್ಸರ್‌ನ ಹಳೆಯ ಮದ್ದೇ. ಆದರೂ ಕರುಳಿನ ಕ್ಯಾನ್ಸರ್‌ಗೆ ಈ ಮೂರರಲ್ಲಿ ಒಂದಕ್ಕೂ ಒಪ್ಪಿಗೆಯಿಲ್ಲ.

ನ್ಯಾನೋ ಕೀಮೋಗೆ ಅಡ್ಡಪರಿಣಾಮವೇ ಇಲ್ಲ ಎನ್ನುವುದೂ ನಿಜವಲ್ಲ. ಡಾಕ್ಸಿಲ್‌ನಿಂದ ಹೃದಯಕ್ಕೆ ಪೆಟ್ಟು ಕಡಿಮೆಯಾಯಿತು, ಅಂಗೈ ಅಂಗಾಲು ಕೆಂಪಾಗಿ ಸುಲಿಯುವುದು ಹೆಚ್ಚಾಯಿತು. ಓನಿವೈಡ್‌ನಲ್ಲೂ ಭೇದಿಯ ಕಾಟ ಹೋಗಿಲ್ಲ. ಸ್ವರ್ಣಭಸ್ಮದಲ್ಲೂ ನ್ಯಾನೋ ಗಾತ್ರದ ಚಿನ್ನವಿದೆ, ಅದೂ ಇದೂ ಒಂದೇ ಎಂಬ ವಾದಕ್ಕೆ ಒಂದೇ ಸಾಲು ಸಾಕು: ಗಾತ್ರ ಒಂದೇ ಆದ ಮಾತ್ರಕ್ಕೆ ಕೆಲಸ ಒಂದೇ ಆಗುವುದಿಲ್ಲ.

ಅಜ್ಜಂಪುರದಲ್ಲಿ ರೈಲು ಹತ್ತಿ ಬೆಂಗಳೂರಿನ ಆಸ್ಪತ್ರೆಗೆ ಹೋಗುವ ರೋಗಿಗೆ ಇವತ್ತು ಸಾಮಾನ್ಯವಾಗಿ ಸಿಗುವುದು ಆಕ್ಸಾಲಿಪ್ಲಾಟಿನ್ ಡ್ರಿಪ್. ಜೊತೆಗೆ ಕೇಪ್ಸಿಟಾಬಿನ್ ಮಾತ್ರೆ, ಇಲ್ಲವೇ ಸುಮಾರು 46 ಗಂಟೆ ಹನಿಹನಿಯಾಗಿ ಇಳಿಯುವ 5-ಫ್ಲೋರೋಯುರಾಸಿಲ್. ಡ್ರಿಪ್ ಆದ ಮೇಲೆ ಕೆಲವು ದಿನ ತಣ್ಣೀರು ಮುಟ್ಟಿದರೆ ಬೆರಳು ಜುಮುಗುಟ್ಟುತ್ತದೆ, ಫ್ರಿಜ್ಜಿನ ನೀರು ಕುಡಿದರೆ ಗಂಟಲು ಬಿಗಿಯುತ್ತದೆ; ಬೆಚ್ಚಗಿನ ನೀರೇ ಬಳಸಬೇಕು. ಆಪರೇಷನ್ ಆದಮೇಲೆ ಈ ಕೀಮೋ ಆರೆಂಟು ವಾರದೊಳಗೆ ಶುರುವಾಗಬೇಕು. ತಡವಾದಷ್ಟೂ ಫಲ ಕಡಿಮೆ, ಹಾಗಾಗಿ ನ್ಯಾನೋ ಬರಲಿ ಎಂದು ಕಾಯುವವರು ಕಳೆದುಕೊಳ್ಳುವುದು ಈ ವಾರಗಳನ್ನೇ.