ಕಾರ್ಡಿನಲರ ಎಡಬಲದ ಆಸನಗಳು

ಅಮೆರಿಕದ ಅಧ್ಯಕ್ಷ ಚುನಾವಣೆ ಸಮೀಪಿಸಿದಾಗ, ಅಭ್ಯರ್ಥಿಗಳ ಭಾಷಣಗಳಿಗಿಂತಲೂ ನ್ಯೂಯಾರ್ಕಿನ ಒಂದು ಭೋಜನಕೂಟದತ್ತ ನಾವು ಹೆಚ್ಚು ಲಕ್ಷ್ಯವಿಡುತ್ತೇವೆ. ಆ ರಾಜ್ಯಕ್ಕೆ ನಾಲ್ಕು ಬಾರಿ ಗವರ್ನರಾಗಿ ಚುನಾಯಿತರಾದ ಆಲ್ ಸ್ಮಿತ್ 1928ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದರು. ಪ್ರಮುಖ ಪಕ್ಷವೊಂದು ಕಣಕ್ಕಿಳಿಸಿದ ಮೊದಲ ಕಥೋಲಿಕರು ಅವರು. ಅವರು ಗೆದ್ದರೆ ರೋಮಿನ ಜಗದ್ಗುರುಗಳೇ ದೇಶವನ್ನು ಆಳುವರೆಂಬ ಅಪಪ್ರಚಾರದ ನಡುವೆ ಸೋತರು.

ಅವರ ಸ್ಮರಣಾರ್ಥ 1945ರಿಂದ ನಡೆದುಬಂದ ಈ ಕೂಟ ಬಡಮಕ್ಕಳಿಗಾಗಿ ನಿಧಿ ಕೂಡಿಸುತ್ತದೆ. ಚುನಾವಣೆಯ ವರ್ಷಗಳಲ್ಲಿ ಪ್ರತಿಸ್ಪರ್ಧಿಗಳು ಒಂದೇ ವೇದಿಕೆಯಲ್ಲಿ ಕುಳಿತು, ಪರಸ್ಪರರನ್ನೂ ತಮ್ಮನ್ನೂ ಹಾಸ್ಯಮಾಡಿಕೊಂಡು ಸಭೆಯನ್ನು ನಗಿಸುವುದು ಸಂಪ್ರದಾಯ. 1960ರಲ್ಲಿ ಕೆನೆಡಿಯೂ ನಿಕ್ಸನ್ನರೂ ಜೊತೆಯಾಗಿ ಬಂದಿದ್ದರು. 1996 ಮತ್ತು 2004ರಲ್ಲಿ ಮಾತ್ರ ಅಧ್ಯಕ್ಷ ಅಭ್ಯರ್ಥಿಗಳಿಗೆ ಆಹ್ವಾನವೇ ಹೋಗಲಿಲ್ಲ.

2016ರಲ್ಲಿ ಕಾರ್ಡಿನಲ್ ಡೋಲನ್ ಅವರ ಎಡಬಲಗಳಲ್ಲಿ ಡೊನಾಲ್ಡ್ ಟ್ರಂಪ್ ಹಾಗೂ ಹಿಲರಿ ಕ್ಲಿಂಟನ್ ಕುಳಿತರು. ಟ್ರಂಪ್ ಅವರ ಕಟುಮಾತಿಗೆ ಔತಣಕ್ಕೆ ಬಂದವರೇ ಛೀಗುಟ್ಟಿದರು. ಸ್ಮಿತ್ತರ ಕಾಲದಲ್ಲಿ ನಮ್ಮವರ ಮೇಲಿನ ಹಗೆ ಹೊರಗಿನಿಂದ ಬಂದಿತ್ತು. ಈಗಿನ ಒಡಕು ಧರ್ಮಸಭೆಯ ಒಳಗೂ ಇದೆ. 2020ರಲ್ಲಿ ಕಥೋಲಿಕರೇ ಆದ ಜೋ ಬೈಡನ್ ಗೆದ್ದಾಗ ಅಲ್ಲಿನ ಕಥೋಲಿಕ ಮತಗಳು ಸರಿಸುಮಾರು ಇಬ್ಭಾಗವಾಗಿದ್ದವು. ಒಂದೇ ಪೂಜೆಯಲ್ಲಿ ಶಾಂತಿ ಕೋರುವವರು ದೇವಾಲಯದ ಬಾಗಿಲು ದಾಟಿದೊಡನೆ ಪರಸ್ಪರರನ್ನು ದೇಶದ್ರೋಹಿಗಳೆಂದು ಬಗೆಯುವುದು ನಮಗೆ ಅತ್ಯಂತ ವಿಷಾದಕರವಾಗಿ ತೋರುತ್ತದೆ.

2024ರ ಕೂಟಕ್ಕೆ ಟ್ರಂಪ್ ಬಂದರು. ಕಮಲಾ ಹ್ಯಾರಿಸ್ ವಿಡಿಯೋ ಸಂದೇಶವನ್ನಷ್ಟೇ ಕಳುಹಿಸಿದರು. 1984ರಲ್ಲಿ ವಾಲ್ಟರ್ ಮಾಂಡೇಲ್ ಗೈರುಹಾಜರಾದ ಬಳಿಕ ಆಹ್ವಾನಿತ ಅಭ್ಯರ್ಥಿಯೊಬ್ಬರು ಹೀಗೆ ದೂರ ಉಳಿದದ್ದು ಅದೇ ಮೊದಲು. ಮಕ್ಕಳಿಗಾಗಿ ನಿಧಿ ಆ ವರ್ಷವೂ ಸಂಗ್ರಹವಾಯಿತು.